ಬೆಟ್ಟಮ್ಮ ಹೇಳಿಕೊಟ್ಟ ಮುಯ್ಯಾಳು

ಬೂವನಹಳ್ಳಿಯ ಬೆಟ್ಟಮ್ಮ ಆಲೂಗಡ್ಡೆ ಸಂಶೋಧನೆಯ ತಾಕಿನಲ್ಲಿ ಮೂವತ್ತು ವರ್ಷದಿಂದ ಆಳು. ಅಂಗಮಾರಿ ರೋಗ ಕಣ್ಣಿಗೆ ಬೀಳುವ ಮುಂಚೆ ಅವಳ ಮೂಗಿಗೆ ಬೀಳುತ್ತದೆಂದು ವಿಜ್ಞಾನಿಗಳೇ ಒಪ್ಪಿದ್ದರು. ಹೋದ ಮುಂಗಾರಿನಲ್ಲಿ ಅವಳ ಸ್ವಂತ ಹೊಲ ಅದೇ ರೋಗಕ್ಕೆ ಸುಟ್ಟುಹೋಗಿತ್ತು. ತಾಕಿನ ಹದಿನಾಲ್ಕನೇ ಸಾಲು ಮಾತ್ರ ಮೂರು ವರ್ಷದಿಂದ ಹಸಿರು. ಪ್ರಯೋಗ ಮುಗಿದರೆ ಅದರ ಒಂದು ಬುಟ್ಟಿ ಬೀಜ ಅವಳಿಗೆ ಎಂದು ಅಧಿಕಾರಿ ಜಯಂತ್ ಮಾತು ಕೊಟ್ಟಿದ್ದ.

ಆ ಸಾಲು ಎರಡು ಹೊರದೇಶಗಳ ತಳಿ ಬೆರೆಸಿ ಬಂದದ್ದು. ದೇಶಗಳದ್ದೋ ಎಣ್ಣೆ ಸೀಗೆಕಾಯಿ ಸಂಬಂಧ. ತಮ್ಮ ನೆಲದಲ್ಲಿ ಕೂಡಲಾಗದೆ ಹಾಸನಕ್ಕೆ ಬಂದಿದ್ದ ಇಬ್ಬರು ವಿಜ್ಞಾನಿಗಳ ಹೆಸರು ಬೆಟ್ಟಮ್ಮನ ನಾಲಗೆಗೆ ಹೊರಳದೆ, ಒಬ್ಬ ಗಡ್ಡದ ಸಾ, ಇನ್ನೊಬ್ಬ ಟೋಪಿ ಸಾ ಆದರು. ತಾಕಿನ ಬದುವಿನ ಈಚೆ ಒಬ್ಬನ ಸ್ವಂತ ತಳಿ, ಆಚೆ ಇನ್ನೊಬ್ಬನದು. ತನ್ನ ತಳಿ ಗೆಲ್ಲಲೆಂದು ರೋಗದೆಲೆ ಕಡಿಮೆ ಎಣಿಸಿದ್ದಾನೆ ಎಂದು ಒಬ್ಬರ ಮೇಲೊಬ್ಬರ ದೂರು. ಶನಿವಾರದೊಳಗೆ ಇಬ್ಬರೂ ಒಪ್ಪಿದ ವರದಿ ಹೋಗದಿದ್ದರೆ ಪ್ರಯೋಗ ರದ್ದಾಗಿ, ತಾಕು ಉತ್ತುಹಾಕಲು ಟ್ರ್ಯಾಕ್ಟರ್ ಇಳಿಯುತ್ತದೆ ಎಂದು ಜಯಂತ್ ತಲೆ ಮೇಲೆ ಕೈಹೊತ್ತು ಕುಳಿತ.

"ಮುಯ್ಯಾಳ್ ಮಾಡ್ಸಿ ಸಾ. ಇವತ್ತು ಇವ್ರು ಅವ್ರ ಕಡೆ ಎಣಿಸ್ಲಿ, ನಾಳೆ ಅವ್ರು ಇವ್ರ ಕಡೆ ಎಣಿಸ್ಲಿ," ಎಂದಳು ಬೆಟ್ಟಮ್ಮ.

"ಅವರಿಬ್ಬರಿಗೂ ಮಾತೇ ಇಲ್ವಲ್ಲಮ್ಮ!"

"ಮಾತ್ಯಾಕ್ ಸಾ? ಬದು ಯಾರ್ದು ಅಂತ ಜಗಳ ಆಗಿ ಪಕ್ಕದ್ ಒಲದ ಬಸವಲಿಂಗಮ್ಮಂಗೂ ನಂಗೂ ಅನ್ನೊಂದು ವರ್ಸದಿಂದ ಮಾತಿಲ್ಲ. ಅವ್ಳ ಕೆಲ್ಸಕ್ಕೆ ನಾನು, ನನ್ ಕೆಲ್ಸಕ್ಕೆ ಅವ್ಳು, ಮುಯ್ಯಾಳ್ ತಪ್ಪಿಲ್ಲ. ಅವ್ಳು ನಮ್ ಒಲ್ದಲ್ಲಿ ಕಳ್ಳಾಟ ಆಡಿದ್ರೆ, ನಾಳೆ ಅವ್ಳ ಒಲ್ದಲ್ಲಿ ನಾನ್ ಆಡಾಕಿಲ್ವಾ?"

ಮೊದಲ ದಿನ ಗಡ್ಡದ ಸಾ ಮುಖ ಗಂಟಿಕ್ಕಿಕೊಂಡೇ ಎಣಿಸಿದ. ಮರುದಿನ ಟೋಪಿ ಸಾಗೆ ಎಲೆಯ ಒಂದು ಚುಕ್ಕೆ ಅಂಗಮಾರಿಯೋ ಬಿಸಿಲಿಗೆ ಸುಟ್ಟದ್ದೋ ತಿಳಿಯಲಿಲ್ಲ. ಬದುವಿನಾಚೆಗೆ ಕೂಗಿ ಕೇಳಲೇಬೇಕಾಯಿತು. ಒಂದು ಗಂಟೆ ಜಗಳ. ಜಗಳವೂ ಮಾತೇ ತಾನೆ? ಶನಿವಾರ ಒಂದೇ ಹಾಳೆಗೆ ಎರಡು ಸಹಿ ಬಿತ್ತು.

ಬೆಟ್ಟಮ್ಮನಿಗೆ ಕಣ್ಣೀರೇ ಬಂತು. ಅಷ್ಟರಲ್ಲಿ ಗಡ್ಡದ ಸಾ ಏನೋ ಕೇಳಿದ. ಜಯಂತ್ ನಗುತ್ತ ಕನ್ನಡಕ್ಕೆ ತಂದ: "ನಾವಂತೂ ಮಾತಾಡಿದೆವು. ಮುಯ್ಯಾಳು ಅಂದಮೇಲೆ ಬಸವಲಿಂಗಮ್ಮನ ಜೊತೆ ಮಾತಾಡುವ ನಿಮ್ಮ ಪಾಲು ಯಾವಾಗ ಅಂತಾರೆ."

ಬೆಟ್ಟಮ್ಮ ಪೆಚ್ಚಾದಳು. ಹುಟ್ಟಿದ ಮೇಲೆ ಯಾರ ಮುಯ್ಯಾಳನ್ನೂ ಉಳಿಸಿಕೊಂಡವಳಲ್ಲ.

ಮರುದಿನ ಬೆಳಿಗ್ಗೆ ಎರಡು ಹೊಲಗಳ ನಡುವಿನ ಬದುವಿಗೆ ಹೋಗಿ ಕೂಗಿದಳು. "ಅಮ್ಮೀ, ರೋಗ ಬರ್ದಿರೋ ಬೀಜ ಒಂದ್ ಬುಟ್ಟಿ ಸಿಕ್ತದೆ. ಅರ್ಧ ನಿಂಗೆ."

ಕಳೆ ಕೀಳುತ್ತಿದ್ದ ಬಸವಲಿಂಗಮ್ಮ ಕೈಯ ಮಣ್ಣು ಕೊಡವಿ ಎದ್ದು ನಿಂತಳು.

"ಬೀಜ ಅಂಗಿರ್ಲಿ," ಎಂದಳು. "ಬದು ಯಾರ್ದು ಅಂತ ಮೊದ್ಲು ಒಪ್ಕೋ."

ಜಗಳಕ್ಕಾದರೂ ಬಾಯಿ ಬಿಟ್ಟಳಲ್ಲ ಎಂದು ಬೆಟ್ಟಮ್ಮನ ಜೀವ ಹಗುರಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಬದುವಿನ ಮೇಲೇ ಚಕ್ಕಳಮಕ್ಕಳ ಹಾಕಿ ಕುಳಿತಳು.