ಗುಡಿಸಬೇಡಿ, ಸೂರಣ್ಣ ಬರುತ್ತಾರೆ

ಗುಲ್ವಾಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಣಪಾಲ ಶೆಟ್ಟರ ಚಾವಡಿಯಲ್ಲಿ ಏಣಿ ಹತ್ತಿ ನಿಂತ ಸೂರಣ್ಣ ಹಲಸಿನ ತೊಲೆಗೆ ಕಿವಿ ಒತ್ತಿ ಕಣ್ಣು ಮುಚ್ಚಿದ್ದಾರೆ. ಒಳಗೆ ಯಾರೋ ಕೊಡಪಾನ ಇಟ್ಟ ಸದ್ದು.

"ಹ್ವಾಯ್, ಒಂಚೂರ್ ಸುಮ್ನೆ ಇರಿ. ಹುಳ ತಿಂಬುದ್ ಕೇಣ್ಕ್."

ಮನೆಯಿಡೀ ಉಸಿರು ಬಿಗಿಹಿಡಿಯುತ್ತದೆ. ಸೂರಣ್ಣನ ಕೆಲಸ ನೋಡಲೆಂದು ಜೊತೆಗೆ ಬಂದ ನಾನೂ ಕೆಳಗೆ ಅಲುಗಾಡದೆ ನಿಂತಿದ್ದೇನೆ. ಬರುವ ಸೋಮವಾರ ಈ ಮನೆಯ ಮಗಳ ಮದುವೆ; ದಿಬ್ಬಣದ ಹಿರಿಯರು ಚಾಪೆ ಹಾಕಿ ಕೂರುವುದು ಇದೇ ತೊಲೆಗಳ ಕೆಳಗೆ. ಯಾವುದೋ ಒಂದು ತೊಲೆ ಕರಕರ ಎಂದದ್ದನ್ನು ಶೆಟ್ಟರು ಕೇಳಿದ್ದಾರೆ, ಯಾವುದೆಂದು ಗೊತ್ತಿಲ್ಲ.

ಮರ ತಿನ್ನುವ ಹುಳ ಪತ್ತೆ ಹಚ್ಚಿ ಮದ್ದು ಹಾಕುವುದು ಸಾಸ್ತಾನದ ಸೂರಣ್ಣನ ಕಸುಬು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಆಚಾರಿಯೊಬ್ಬರ ಕೈಕೆಳಗೆ ಶುರು ಮಾಡಿದವರು, ಈಗ ಬೈಂದೂರಿನಿಂದ ಬ್ರಹ್ಮಾವರದವರೆಗೆ ಕರೆದಲ್ಲಿಗೆ ಹೋಗುತ್ತಾರೆ. ಹುಳದ ತೂತಿಗೆ ಕೋಳಿಗರಿಯಲ್ಲಿ ಗೇರೆಣ್ಣೆ ಬಿಡುತ್ತಾರೆ. ಗೇರುಬೀಜದ ಸಿಪ್ಪೆಯ ಆ ಎಣ್ಣೆ ತಾಗಿ ಕೈಯ ಚರ್ಮ ಸುಲಿದು ಸುಲಿದು ಕಪ್ಪಾಗಿದೆ. ಮನೆ ಕಟ್ಟಿಸಿದವರ ಹೆಸರು ಊರಿಗೆಲ್ಲ ಗೊತ್ತು. ಆ ಮನೆ ಬೀಳದಂತೆ ಕಾದವರನ್ನು ಕೇಳುವವರಿಲ್ಲ.

ಸೂರಣ್ಣನದು ಒಂದೇ ಕರಾರು: ತಾನು ಬರುವ ಮೊದಲು ಮನೆ ಗುಡಿಸಬಾರದು, ಹುಳ ಕೊರೆದು ಉದುರಿಸಿದ ಮರದ ಹುಡಿ ಬಿದ್ದಲ್ಲೇ ಇರಬೇಕು.

"ಹುಡಿಯೇ ಹೇಳತ್ತ್. ಅಕ್ಕಿಹಿಟ್ಟಿನಾಂಗ್ ಇದ್ರೆ ಕುಟ್ಟೆ ಹುಳ, ರವೆಯಾಂಗ್ ಇದ್ರೆ ದೊಡ್ಡ್ ಹುಳ. ಎಲ್ ಬಿದ್ದಿತ್ತೋ, ಅದ್ರ ಮೇಲೇ ಕಾಣ್ಕ್."

ಆದರೆ ಹೊರಗಿನವರು ಬರುತ್ತಾರೆಂದರೆ ನಮ್ಮ ಹೆಂಗಸರು ಮೊದಲು ಹಿಡಿಯುವುದೇ ಹಿಡಿಸೂಡಿ. ಶೆಟ್ಟರ ಹೆಂಡತಿ ಪ್ರಭಾವತಿಯಮ್ಮ ಗುಡಿಸಿದ್ದಷ್ಟೇ ಅಲ್ಲ, ಮಸಿ ಸೇರಿಸಿ ಸೆಗಣಿ ಬೇರೆ ಸಾರಿಸಿದ್ದಾರೆ. ಕಪ್ಪು ನೆಲ ಥಳಥಳ ಹೊಳೆಯುತ್ತಿದೆ, ಹುಡಿಯ ಸುಳಿವಿಲ್ಲ.

ಉಳಿದದ್ದು ಕಿವಿ. ಅದೂ ಈಚೆಗೆ ಮಂದ. ಇಳಿದು ಬಂದ ಸೂರಣ್ಣನ ಮುಖ ಬಾಡಿದೆ.

"ಎಲ್ಲಾ ಒಂದೇ ನಮೂನಿ ಕೇಣತ್ತ್ ಶೆಟ್ರೆ. ನಾ ಅಂದಾಜಿಗ್ ಒಂದ್ ಹೇಳಿ, ಮತ್ತೊಂದ್ ಬಿದ್ರೆ? ಅಮ್ಮ, ನಾಳೆ ಬೆಳಗಾಪ್ಪಲ್ಲಿವರೆಗೆ ಹಿಡಿಸೂಡಿ ಮುಟ್ಬೇಡಿ."

"ನೆಂಟ್ರ್ ಬಪ್ಪತ್ತಿಗೆ ಗುಡ್ಸದ್ ಮನಿಯಾ? ಅವ್ರ್ ಎಂತ ಹೇಳುದಿಲ್ಲ?" ಪ್ರಭಾವತಿಯಮ್ಮನ ಕಣ್ಣಲ್ಲಿ ನೀರೇ ಬಂದಿದೆ. ಸೂರಣ್ಣ ಮೇಲೆ ತೊಲೆಗಳ ಕಡೆ ಬೆರಳು ತೋರಿಸುತ್ತಾರೆ.

ಮಧ್ಯಾಹ್ನ ಶೆಟ್ಟರ ತಂಗಿ ರಾಜೀವಿ ಬರುತ್ತಾರೆ. ಚಾವಡಿಯಲ್ಲಿ ವೀಳ್ಯದೆಲೆಯ ತೊಟ್ಟು, ಹೂವಿನ ನಾರು ಬಿದ್ದದ್ದು ಕಂಡು, "ಎಂತ ಅತ್ತಿಗೆ, ಮದಿ ಮನಿ ಅಲ್ದಾ ಇದ್?" ಎನ್ನುತ್ತ ಮೂಲೆಯ ಹಿಡಿಸೂಡಿಗೆ ಕೈ ಹಾಕುತ್ತಾರೆ. ಪ್ರಭಾವತಿಯಮ್ಮ ಅದನ್ನು ಕಿತ್ತುಕೊಂಡು ಸೀರೆಯ ಹಿಂದೆ ಹಿಡಿಯುತ್ತಾರೆ.

"ಇರ್ಲಿ ಬಿಡ್. ಸೂರಣ್ಣ ಕಾಂಬುಕಿತ್ತ್."

ಮರುದಿನ ಬೆಳಗಿನ ಜಾವ ಎಲ್ಲರೂ ಚಾವಡಿಯ ಅಂಚಿನಲ್ಲೇ ನಿಂತಿದ್ದಾರೆ, ಕಾಲಿಡಲು ಭಯ. ಕಪ್ಪು ನೆಲದ ಮೇಲೆ ಬಿಳಿ ಹುಡಿಯ ತೆಳುಗೆರೆ, ನಡುವಿನ ತೊಲೆಯ ಉದ್ದಕ್ಕೂ. ದಿಬ್ಬಣದ ಚಾಪೆ ಹಾಸುವುದು ಸರಿಯಾಗಿ ಅಲ್ಲಿಯೇ. ಸೂರಣ್ಣ ಕುಕ್ಕರಗಾಲಲ್ಲಿ ಕೂತು ಹುಡಿಯನ್ನು ಬೆರಳಲ್ಲಿ ಉಜ್ಜುತ್ತಾರೆ.

"ಇದೇ ಶೆಟ್ರೆ. ಮದ್ದಿಗ್ ನಿಲ್ಲುದಲ್ಲ, ಇಷ್ಟುದ್ದ ಹುಡಿ ಬಿದ್ದಿತ್ತಂದ್ರೆ ಒಳ್ಗೆ ಪೂರಾ ಟೊಳ್ಳ್. ಕಂಬ ಕೊಡಿ, ಮದಿ ಕಳ್ದ್ ಮೇಲೆ ತೊಲೆ ಬದಲ್ಸುವ."

ಬಿಸಿಲೇರುವ ಹೊತ್ತಿಗೆ ತೊಲೆಗೆ ಊರುಗಂಬ ನಿಂತಿದೆ, ಹಿರಿಯರ ಚಾಪೆಗೆ ಅಂಗಳದ ಚಪ್ಪರದಲ್ಲಿ ಜಾಗವಾಗಿದೆ. ಪಕ್ಕದ ತೊಲೆಗಳಿಗೆ ಗೇರೆಣ್ಣೆ ಬಿಡುತ್ತಿರುವ ಸೂರಣ್ಣನನ್ನು, ನಿಮಗೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ.

"ಈ ಕಿವಿ ಇನ್ನೊಂದ್ ನಾಕ್ ಮಳ್ಗಾಲ ಇದ್ರ್ ಸಾಕ್," ಎನ್ನುತ್ತಾರೆ. ಕೆಳಗೆ ಹಿಡಿಸೂಡಿ ಹಿಡಿದು, ಗುಡಿಸಲು ಅಪ್ಪಣೆಗೆ ಕಾದು ನಿಂತ ಪ್ರಭಾವತಿಯಮ್ಮನ ಕಡೆ ನೋಡಿ ಸೇರಿಸುತ್ತಾರೆ: "ಎಲ್ಲಾ ಮನಿಯರೂ ಇವ್ರಾಂಗೆ ಗುಡ್ಸದೆ ಕಾದ್ರೆ, ಅದೂ ಬೇಡ."