ಎಡಗಣ್ಣಿನ ಚಾರ್ಟು

"ನನಗೆ ಎಲ್ಲಾ ಕಾಣುತ್ತೆ ಮಾರಾಯ್ತಿ, ನನ್ನ ಕಣ್ಣಿನ ಚಿಂತೆ ನಿನಗೆ ಬೇಡ" ಎಂದು ಅಕ್ಕ ಭದ್ರಾವತಿಯಿಂದ ಫೋನಿನಲ್ಲಿ ಅಂದಳು. ಅವಳ ಎರಡೂ ಕಣ್ಣಿಗೆ ದಪ್ಪ ಪೊರೆ. ಇನ್ನು ತಡಮಾಡಬಾರದೆಂದು ಡಾಕ್ಟರು ಹೇಳಿದ್ದರೂ ಆಪರೇಶನ್ನಿಗೆ ಹೆದರಿ ಕೂತಿದ್ದಳು. ನಾನು ಶಿವಮೊಗ್ಗದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಎಡಗಣ್ಣಿನದು ಮುಂದಿನ ತಿಂಗಳು.

ಫೋನಿಟ್ಟು ಕಿಟಕಿಯ ಪಕ್ಕ ಕೂತು, ನಾನು ಮಾಡಿಕೊಂಡಿದ್ದ ಬಣ್ಣದ ಚಾರ್ಟನ್ನು ತೆಗೆದೆ. ನನ್ನಲ್ಲಿರುವ ಜಲವರ್ಣದ ಪ್ರತಿ ಟ್ಯೂಬಿಗೂ ಅದರಲ್ಲಿ ಒಂದು ಸಾಲು. ಗಟ್ಟಿ ಬಣ್ಣದಿಂದ ಶುರುವಾಗಿ, ನೀರು ಹೆಚ್ಚಿದಂತೆ ತೆಳುವಾಗುವ ಚೌಕಗಳು.

ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಚಾರ್ಟು ಎಂದಿನಂತೆಯೇ ಇತ್ತು. ಎಡಗಣ್ಣು ಮುಚ್ಚಿದೆ. ನೀಲಿಯ ಸಾಲು ಕಾಗದ ಬಿಟ್ಟು ಎದ್ದು ಬಂತು. ನಾನು ಬೂದಿ ಬಣ್ಣವೆಂದು ನಂಬಿದ್ದ ಚೌಕಗಳು ತೆಳು ನೇರಳೆ. ಮತ್ತೆ ಎಡಗಣ್ಣಿನಲ್ಲಿ ನೋಡಿದರೆ ಬಿಳಿ ಕಾಗದ ಚಹಾ ಸೋಸಿದ ಬಟ್ಟೆಯಂತೆ. ಆ ಬಟ್ಟೆಯ ಹಿಂದೆ ಕೂತು ಎಷ್ಟು ಚಿತ್ರ ಬರೆದಿದ್ದೆನೋ.

ಎಡಗಣ್ಣಿನ ಈ ನೋಟ ಮುಂದಿನ ತಿಂಗಳು ಹೋಗಿಬಿಡುತ್ತದೆ. ಅದಕ್ಕೇ ಇನ್ನೊಂದು ಚಾರ್ಟು ಮಾಡಿದೆ. ಒಂದು ಚೌಕವನ್ನು ಎಡಗಣ್ಣಿನಲ್ಲಿ ನೋಡುವುದು. ಕಂಡದ್ದನ್ನು ಬಲಗಣ್ಣಿನಲ್ಲಿ ನೋಡುತ್ತ ಕಲಸಿ ಹಚ್ಚುವುದು. ಬರಿಯ ಕಾಗದ ಕಾಣುವ ಜಾಗಕ್ಕೂ ತೆಳುವಾದ ಕಂದು ಬಳಿಯಬೇಕಾಯಿತು. ಒಣಗಿದ ಮೇಲೆ ಎರಡನ್ನೂ ಜೋಡಿಸಿ ನೋಡಿದರೆ, ಒಂದರಲ್ಲಿ ಬೆಳಗು, ಇನ್ನೊಂದರಲ್ಲಿ ಧೂಳಿನ ಸಂಜೆ.

ಈ ಬೆರಗನ್ನು ಅಕ್ಕನಿಗೆ ತೋರಿಸಬೇಕೆನಿಸಿ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅವಳು ಜಗುಲಿಯ ಬಿಸಿಲಿನಲ್ಲಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು.

"ಇದೇನೇ, ಪೇಂಟ್ ಅಂಗಡಿ ಇಟ್ಟಿದೀಯಾ? ಒಂದೇ ಥರದ್ದು ಎರಡು ಯಾಕೆ ಮಾಡ್ದೆ?"

ತಮಾಷೆ ಎಂದುಕೊಂಡೆ. "ಸರಿಯಾಗಿ ನೋಡಕ್ಕ. ಈ ಕಾಗದ ಯಾವ ಬಣ್ಣ?"

"ಬಿಳಿ."

"ಇದು?"

"ಅದೂ ಬಿಳೀನೇ. ನನ್ನನ್ನೇನು ಒಂದನೇ ಕ್ಲಾಸಿಗೆ ಸೇರಿಸ್ತೀಯಾ?"

ನಾನು ಬಲಗಣ್ಣು ಮುಚ್ಚಿಕೊಂಡು ನೋಡಿದೆ. ನನಗೂ ಎರಡೂ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ಕೈ ತೆಗೆದೆ, ಬೇರೆಯಾದವು. ಮನೆಯಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ.

ನನ್ನ ಮುಖ ನೋಡಿ ಅಕ್ಕನ ನಗು ನಿಂತಿತು. "ನಿನಗೆ ಬೇರೆ ಬೇರೆ ಕಾಣುತ್ತಾ?"

"ಹೂಂ. ಪೊರೆ ತೆಗೆದ ಕಣ್ಣಿಗೆ."

ಅವಳು ಚಾರ್ಟುಗಳ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಗಾಂಧಿ ಬಜಾರಿನಲ್ಲಿ ತಾನೇ ಆರಿಸಿ ತಂದ ಸೀರೆಯ ಸೆರಗನ್ನು ಕಣ್ಣಿನ ಹತ್ತಿರ ಹಿಡಿದಳು.

"ಹಾಗಾದ್ರೆ ಇದು ಯಾವ ಬಣ್ಣ?"

ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಬೇಡ, ಹೇಳ್ಬೇಡ. ಡಾಕ್ಟ್ರಿಗೆ ಫೋನ್ ಮಾಡು. ನಾನೇ ನೋಡ್ತೀನಿ."