ಮೊಣಕಾಲುದ್ದ ನೀರು

ಸತ್ತವರು ಬಂದರು, ಹೋದರು ಎಂದು ಯಾರಾದರೂ ಕಥೆ ಶುರುಮಾಡಿದರೆ ಎದ್ದು ಚಹಾ ಮಾಡಲು ಹೋಗುತ್ತಿದ್ದವಳು ನಾನು. ಮಲ್ಪೆಯ ಕಡೆ ಹುಟ್ಟಿದವರಿಗೆ ಇಂಥ ಕಥೆಗಳಿಗೇನೂ ಬರವಿಲ್ಲ. ಹುಣಿಸೆಮರಕ್ಕೊಂದು, ಬಾವಿಕಟ್ಟೆಗೊಂದು ಭೂತ ಇದ್ದೇ ಇರುತ್ತದೆ. ನನ್ನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಈಗ ಬರೆಯುತ್ತಿರುವುದನ್ನೂ ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿದ್ದ ವಿಷವನ್ನೂ ಸೇರಿಸಿ.

ಊರು ಬಿಟ್ಟು ಬಂದು ಈ ಪರದೇಶದ ವುಡ್‌ಬ್ರಿಡ್ಜಿನ ಒಂದು ಬೇಸ್‌ಮೆಂಟಿನಲ್ಲಿ ನಾನೂ ನನ್ನ ಅಣ್ಣ ದಿನಕರನೂ ಇದ್ದೆವು. ನನಗೆ ಪ್ಯಾಕಿಂಗ್ ಕೆಲಸ, ಅವನಿಗೆ ಟ್ರಕ್ಕು. ಬೇಸಿಗೆಯಲ್ಲಿ ರಜೆ ಸಿಕ್ಕಿತೆಂದರೆ ನ್ಯೂಮಾರ್ಕೆಟ್ ದಾಟಿ ಸಿಗುವ ಒಂದು ಹೊಳೆಗೆ ಕ್ರೇಫಿಶ್ ಹಿಡಿಯಲು ಹೋಗುತ್ತಿದ್ದ. ಸೀಗಡಿಗೆ ಏಡಿಯ ಇಕ್ಕಳ ಅಂಟಿಸಿದಂಥ ಸಿಹಿನೀರಿನ ಪ್ರಾಣಿ ಅದು. ಹಗಲೆಲ್ಲ ಕಲ್ಲಿನಡಿ ಅಡಗಿದ್ದು ಸಂಜೆಗೆ ಹೊರಬರುತ್ತದೆ. ಹೆದರಿತೆಂದರೆ ಬಾಲ ಮಡಚಿ ಹಿಂದಕ್ಕೆ ಹಾರುತ್ತದೆ, ಎಂದೂ ಮುಂದಕ್ಕಲ್ಲ. ಹಾಗಾಗಿ ಅದರ ಹಿಂದುಗಡೆ ಬಲೆ ಇಟ್ಟು ಎದುರಿನಿಂದ ಕಡ್ಡಿ ಆಡಿಸಬೇಕು. “ನೀನು ಹಿಡೀಲಿಕ್ಕೆ ಹೋಗ್ಬೇಡ, ಹೆದರಿಸು ಸಾಕು. ಅದಾಗಿಯೇ ಬಂದು ಬಲೆಗೆ ಬೀಳ್ತದೆ,” ಎಂದು ಅಣ್ಣ ನನಗೂ ಕಲಿಸಿದ್ದ.

ಇಲ್ಲಿನ ಕಾನೂನಿನ ಪ್ರಕಾರ ಹಿಡಿದ ಕ್ರೇಫಿಶ್ಶನ್ನು ಆ ನೀರು ಬಿಟ್ಟು ಬೇರೆ ಕಡೆ ಒಯ್ಯುವಂತಿಲ್ಲ, ಸತ್ತದ್ದನ್ನೂ ಒಯ್ಯುವಂತಿಲ್ಲ. ಆದರೆ ನಮ್ಮವರಿಗೆ ಕಾಯಿ ಅರೆದು ಹಾಕಿದ ಗಸಿ ಮನೆಯ ಒಲೆಯ ಮೇಲೇ ಕುದಿಯಬೇಕು! ಅಣ್ಣನೂ ಅವನ ಗೆಳೆಯ ಜಯಕರನೂ ಬಕೆಟ್ ತುಂಬಿಸಿ ಕಾರಿನ ಡಿಕ್ಕಿಯಲ್ಲಿ ಅಡಗಿಸಿ ತರುತ್ತಿದ್ದರು.

ಒಂದು ಸಂಜೆ ಜಯಕರ ಒಬ್ಬನೇ ಬಂದ. ದಿನಕರ ಕಾಲು ಜಾರಿ ಹೊಳೆಯ ಗುಂಡಿಗೆ ಬಿದ್ದ, ತಾನು ಆ ಕ್ಷಣವೇ ಫೋನ್ ಮಾಡಿದೆ, ಸಹಾಯ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದ. ಇಬ್ಬರಿಗೂ ಈಜು ಬಾರದು. ಕಡಲ ಬದಿಯಲ್ಲಿ ಹುಟ್ಟಿ ಈಜು ಕಲಿಯದ ಬೃಹಸ್ಪತಿಗಳು. ಅಂತ್ಯಕ್ರಿಯೆಯಲ್ಲಿ ನನಗಿಂತ ಜೋರಾಗಿ ಅತ್ತವನು ಜಯಕರನೇ. ಬೆನ್ನು ತಟ್ಟಿ ನೀರು ಕುಡಿಸಿದವಳು ನಾನು.

ಮುಂದಿನ ವರ್ಷ ರಿಚ್ಮಂಡ್ ಹಿಲ್ಲಿನ ದೇವಸ್ಥಾನದಲ್ಲಿ ಪ್ರಸಾದದ ಅಡುಗೆಗೆ ಸೇರಿದ್ದೆವು. ಜಯಕರನ ಹೆಂಡತಿ ಬೀನ್ಸ್ ಹೆಚ್ಚುತ್ತ ಪಕ್ಕದವಳೊಡನೆ ಗಂಡನ ಬುದ್ಧಿವಂತಿಕೆಯ ವರ್ಣನೆಯಲ್ಲಿದ್ದಳು. ಹಿಂದೆ ಅಕ್ಕಿ ತೊಳೆಯುತ್ತಿದ್ದ ನಾನು ಅವಳಿಗೆ ಕಂಡಿರಲಿಲ್ಲ. “ನಮ್ಮವ್ರದ್ದು ಭಾರೀ ತಲೆ ಮಾರಾಯ್ತಿ. ದಿನಕರ ಬಿದ್ದ ಗಡಿಬಿಡಿಯಲ್ಲೂ ಮೊದ್ಲು ಬಕೆಟ್ ಖಾಲಿ ಮಾಡಿ, ತೊಳ್ದು, ಡಿಕ್ಕಿಯಲ್ಲಿಟ್ಟು ಆಮೇಲೆ ಫೋನ್ ಮಾಡಿದ್ದು. ಇಲ್ಲದಿದ್ರೆ ಕೇಸಾಗಿ, ಇಲ್ಲೇ ಕಾಯಂ ಇರ್ಲಿಕ್ಕೆ ಹಾಕಿದ ನಮ್ಮ ಪಿಆರ್ ಅಪ್ಲಿಕೇಶನ್ ಅಲ್ಲೇ ಸಾಯ್ತಿತ್ತು,” ಎಂದಳು.

ಒಬ್ಬ ಮನುಷ್ಯ ಬಕೆಟ್ ತೊಳೆದು ಮುಗಿಸುವಷ್ಟು ಹೊತ್ತು ನನ್ನ ಅಣ್ಣ ನೀರಿನಲ್ಲಿ ಬಡಿದಾಡುತ್ತಿದ್ದ. ಅಂದಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಪೊಲೀಸರಿಗೆ ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಒಂದು ದಂಡ, ಒಂದು ಬುದ್ಧಿಮಾತು. ನನಗೆ ಅದು ಸಾಲದು. ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳಿಕೊಂಡದ್ದು ಬಾಳುವುದಕ್ಕಲ್ಲ.

ಹೊಳೆಗೆ ಒಬ್ಬಳೇ ಹೋಗಿ ಜಾಗ ನೋಡಿದೆ. ದಡದಿಂದ ಚಪ್ಪಟೆ ಬಂಡೆಯೊಂದು ಮೊಣಕಾಲುದ್ದ ನೀರಿನಲ್ಲಿ ಚಾಚಿಕೊಂಡಿದೆ. ಅದರ ಅಂಚು ಮುಗಿದಲ್ಲಿ, ಬಿದ್ದ ವಿಲೋ ಮರದ ಬುಡಕ್ಕೆ ನೇರವಾಗಿ, ಗುಂಡಿ. ಅಣ್ಣ ಬಿದ್ದದ್ದು ಅಲ್ಲೇ. ಬಲೆಯ ಕೋಲು ನನಗಿಂತ ಉದ್ದ. ಅದನ್ನು ಅಂಚಿನಾಚೆ ಇಳಿಬಿಟ್ಟೆ, ತೋಳು ಮುಳುಗುವವರೆಗೆ ಹೋದರೂ ತಳ ಸಿಗಲಿಲ್ಲ. ಜಯಕರನನ್ನು ಆ ಅಂಚಿಗೆ ಬೆನ್ನು ಮಾಡಿ ನಿಲ್ಲಿಸಿ ಎದುರಿನಿಂದ ಹೆದರಿಸುವುದು, ಅಷ್ಟೇ ನನ್ನ ಕೆಲಸ. ಉಳಿದದ್ದು ಅವನೇ ಮಾಡಿಕೊಳ್ಳುತ್ತಾನೆ.

“ಅಣ್ಣನ ತಿಥಿ ಬಂತು. ಅವನಿಗೆ ಇಷ್ಟದ್ದು ಎಡೆ ಇಡ್ಬೇಕು. ಮನೆಗೆ ತರ್ಲಿಕ್ಕೆ ಆಗುದಿಲ್ಲ, ಅಲ್ಲೇ ದಡದಲ್ಲಿ ಬೇಯಿಸಿ ಇಡುವ. ನೀವು ಬರ್ಬೇಕು,” ಎಂದು ಕರೆದೆ. ಸತ್ತವನ ಎಡೆಗೆ ಕರೆದರೆ ನಮ್ಮ ಕಡೆಯವರು ಯಾರೂ ಇಲ್ಲವೆನ್ನುವುದಿಲ್ಲ. ಬಂದ.

ಸೂರ್ಯ ಇನ್ನೂ ಮುಳುಗಿರಲಿಲ್ಲ. ಬಂಡೆಯ ಮೇಲೆ ಇಬ್ಬರೂ ನೀರಿಗಿಳಿದೆವು. ಕಲ್ಲುಗಳನ್ನು ಎತ್ತುತ್ತ, ಕ್ರೇಫಿಶ್ ಹಿಡಿಯುತ್ತ, ಅವನನ್ನು ಬೇಕಾದಲ್ಲಿಗೆ ತಂದೆ. ಅವನು ನನ್ನತ್ತ ತಿರುಗಿದಾಗ ಅಂಚು ಅವನ ಹಿಂದೆ ಒಂದೇ ಹೆಜ್ಜೆಯಲ್ಲಿತ್ತು.

“ಜಯಕರಣ್ಣ, ನೀವು ಮೊದ್ಲು ಬಕೆಟ್ ತೊಳ್ದದ್ದಾ, ಫೋನ್ ಮಾಡಿದ್ದಾ?” ಎಂದು ಕೇಳಿ ಕೋಲನ್ನು ಅವನ ಎದೆಗೆ ನೇರ ಹಿಡಿದು ಮುಂದೆ ಬಂದೆ.

ಅವನ ಮುಖ ಬಿಳಿಚಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ನನಗೆ ಉಸಿರು ಕಟ್ಟುವಷ್ಟು ಸಂತೋಷವಾಯಿತು. ಇನ್ನೊಂದು ಹೆಜ್ಜೆ ಇಟ್ಟ. ಮತ್ತೂ ಒಂದು. ನೀರು ಅವನ ಮೊಣಕಾಲು ದಾಟಲಿಲ್ಲ.

ಅವನು ನಿಂತದ್ದು ಗುಂಡಿಯ ನಟ್ಟನಡುವೆ, ವಿಲೋ ಮರದ ಬುಡದ ಎದುರು. ಗದ್ದೆಯಲ್ಲಿ ನಿಂತವನಂತೆ ನಿಂತು ಅಳುತ್ತಿದ್ದ. “ಹೆದರಿಕೆ ಆಯ್ತು ತಂಗಿ. ಎಲ್ಲ ಹೋಗ್ತದೆ ಅಂತ ಹೆದರಿಕೆ ಆಯ್ತು. ಅವ ಕೈ ಎತ್ತಿದ್ದು ನನಗೆ ಕಂಡಿತ್ತು,” ಎಂದ. ನಾನು ಅವನ ಮಾತಿಗಿಂತ ಅವನ ಕಾಲ ಕಡೆ ನೋಡುತ್ತಿದ್ದೆ. ಮುಳುಗು, ಮುಳುಗು ಎಂದು ಹಲ್ಲು ಕಚ್ಚಿ ಹೇಳಿಕೊಳ್ಳುತ್ತಿದ್ದೆ. ಅವನು ಹಾಗೆಯೇ ನಡೆದು ಬಂದು, ನನ್ನ ಪಕ್ಕದಿಂದ ಹಾದು, ದಡ ಹತ್ತಿ ಕುಕ್ಕುರುಗಾಲಲ್ಲಿ ಕೂತ. ಪ್ಯಾಂಟು ಮೊಣಕಾಲಿನಿಂದ ಮೇಲೆ ಒಣಗಿಯೇ ಇತ್ತು.

ಅವನು ನಿಂತಿದ್ದಲ್ಲಿಗೇ ಅಂಚಿನಿಂದ ಬಾಗಿ ಕೋಲು ಚುಚ್ಚಿದೆ. ಕೋಲು ಪೂರ್ತಿ ಇಳಿಯಿತು, ತಳ ಸಿಗಲಿಲ್ಲ. ಅತ್ತ ಚುಚ್ಚಿದೆ, ಇತ್ತ ಚುಚ್ಚಿದೆ. ಕಲ್ಲಿಲ್ಲ, ಮರಳಿಲ್ಲ, ಬರೀ ನೀರು. “ಕಾಲಡಿಗೆ ಎಂತ ಇತ್ತು?” ಎಂದು ಕೇಳಿದರೆ ಜಯಕರ, “ಎಂತ ಅಂದ್ರೆ? ನೆಲ,” ಎಂದ. ತಾನು ಎಲ್ಲಿ ನಿಂತಿದ್ದೆನೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಹೇಳಲೂ ಇಲ್ಲ. ಹಿಡಿದ ಕ್ರೇಫಿಶ್‌ಗಳನ್ನು ಹೊಳೆಗೇ ಸುರಿದೆ. ಎಡೆ ಇಡಲಿಲ್ಲ.

ನೀನು ಜಾಗ ತಪ್ಪಿರಬೇಕು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡು ಎಷ್ಟೋ ಸಲ ಹೋಗಿ ಅಳೆದು ಬಂದಿದ್ದೇನೆ. ಗುಂಡಿ ಗುಂಡಿಯಾಗಿಯೇ ಇದೆ. ಜಯಕರನಿಗೆ ಪಿಆರ್ ಬಂತು, ಮನೆಯೂ ಆಯಿತು. ಕೈಗೆ ಬಂದ ತುತ್ತು ನನ್ನ ಬಾಯಿಗೆ ಬರಲಿಲ್ಲ.

ಈ ಕಥೆ ಕೇಳಿದ ಒಬ್ಬಿಬ್ಬರು, ನಿನ್ನ ಕೈಗೆ ಕೊಲೆಯ ಪಾಪ ಅಂಟದಿರಲಿ ಎಂದು ಅಣ್ಣನೇ ಅಡಿಯಿಂದ ಅವನನ್ನು ಎತ್ತಿ ಹಿಡಿದ ಎಂದು ಸಮಾಧಾನ ಹೇಳಿದರು. ಇರಬಹುದು, ಇಲ್ಲದಿರಬಹುದು, ನನಗೆ ತಿಳಿಯದು. ಆದರೆ ಹೌದಾದರೆ, ಅಣ್ಣ, ನಿನ್ನನ್ನೂ ನಾನು ಕ್ಷಮಿಸುವುದಿಲ್ಲ. ನೀನು ಕೈ ಎತ್ತಿದಾಗ ಅವನು ಬಕೆಟ್ ತೊಳೆಯುತ್ತಿದ್ದ.